ರುಕ್ಸಾರ ಮೀರಿದ ನಿಯಮ

೧೨ ಆಗಸ್ಟ್, ಮಂಗಳವಾರ. ಚಿಕ್ಕೋಡಿ

ರುಕ್ಸಾರ ಮೀರಿದ ನಿಯಮ ಯಾವುದೆಂದು ಇವತ್ತೂ ಗೊತ್ತಾಗಲಿಲ್ಲ. ಸದಲಗಾದ ಈ ಹುಡುಗಿ ಮೊಬೈಲಿನಲ್ಲಿ ವಿಡಿಯೊ ಮಾಡಿ ಮೆಹಂದಿ ಹಚ್ಚುವುದನ್ನು ಕಲಿಸುತ್ತಾಳೆ. ಕೊಲ್ಹಾಪುರದ ಆಚೆಯವರೂ ನೋಡುತ್ತಾರೆ. ಹೋದ ತಿಂಗಳು, ಅವಳು ವಿಡಿಯೊ ಹಾಕುವ ಆ್ಯಪಿನ ಕಂಪನಿಯವರು ಅವಳ ಖಾತೆಯನ್ನೇ ಮುಚ್ಚಿಬಿಟ್ಟರು. ಯಾಕೆ ಎಂದು ಕೇಳಿದರೆ, ‘ನಿಯಮ ಮೀರಿದ್ದೀರಿ, ಇದೇ ಅಂತಿಮ’ ಎಂದಷ್ಟೇ ಉತ್ತರ. ಕೊಲೆ ಮಾಡಿದವನಿಗೂ ನಮ್ಮಲ್ಲಿ ಆರೋಪ ಓದಿ ಹೇಳುತ್ತಾರಲ್ಲ! ಅದಕ್ಕೇ ಅವಳ ಪರವಾಗಿ ದಾವೆ ಹೂಡಿದೆ.

ಇವತ್ತು ನ್ಯಾಯಾಧೀಶರಿಗೂ ಕುತೂಹಲ ಹುಟ್ಟಿತ್ತು. “ನಿಯಮಾನೂ ಅವರದ, ತೀರ್ಪೂ ಅವರದ. ಹಂಗಾದ್ರ ನಾವ್ಯಾಕ ಅದೀವಿ, ವಕೀಲರ?” ಎಂದು ನಕ್ಕರು. ಕಂಪನಿಗೆ ನೋಟಿಸ್ ಕಳಿಸಲು ಆದೇಶಿಸಿದರು. ಈ ಕಂಪನಿ ದೊರೆಗಳೂ ಯಾರಿಗಾದರೂ ಉತ್ತರ ಕೊಡುತ್ತಾರೆಯೇ, ನೋಡೇಬಿಡೋಣ ಅಂದುಕೊಂಡೆ.

ಹಿಗ್ಗುತ್ತ ಹೊರಗೆ ಬಂದರೆ ರುಕ್ಸಾರ ಮೊಬೈಲ್ ಎತ್ತಿ ತೋರಿಸಿದಳು.

“ಅಕ್ಕಾರ, ಖಾತೆ ಈಗ ಚಾಲೂ ಆತ್ರಿ!”

“ಯಾಕ ಬಂದ್ ಮಾಡಿದ್ರಂತ?”

“ಏನೂ ಬರೆದಿಲ್ರಿ. ಕೇಸ್ ವಾಪಸ್ ತಗೊಂಡ್ಬಿಡ್ರಿ.”

“ಕಾರಣ ತಿಳಕೊಳ್ಳೋದು ಬ್ಯಾಡೇನು ನಿನಗ?”

ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು. “ಬ್ಯಾಡ್ರಿ ಅಕ್ಕಾರ. ಅವರಿಗೆ ಸಿಟ್ಟ್ ಬಂದ್ರ?”

ಯಾರಿಗೆ ಸಿಟ್ಟು? ಅಲ್ಲಿ ಮನುಷ್ಯರು ಕೂತಿದ್ದಾರೋ, ಯಂತ್ರವೇ ಎಲ್ಲ ಮಾಡುತ್ತದೋ, ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೋರ್ಟಿನ ಅಂಗಳದಲ್ಲಿ ನಿಂತವಳಿಗೆ ನ್ಯಾಯಾಧೀಶರ ಭಯ ಚೂರೂ ಇರಲಿಲ್ಲ. ಕೈಯಲ್ಲಿದ್ದ ಆ ಮೊಬೈಲನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಟ್ಟು ಮಾತಾಡಿದಳು, ಅದು ಕೇಳಿಸಿಕೊಂಡೀತು ಎಂಬಂತೆ.

ನಾಳೆ ದಾವೆ ಹಿಂಪಡೆಯುವ ಅರ್ಜಿ ಬರೆಯಬೇಕು. ಕಾರಣ ಎನ್ನುವಲ್ಲಿ ಏನೆಂದು ಬರೆಯಲಿ...