ಜಾರಿದ ಕ್ಲಾಂಪು

ಅಪ್ಪ,

ಸುನ್ನತಿಗೆ ಬಳಸುವ ಕ್ಲಾಂಪು ಜಾರದ ಹಾಗೆ ನಾನು ಮಾಡಿದ ಹೊಸ ವಿನ್ಯಾಸವನ್ನು ನೋಡಲು ನಿನ್ನ ಸ್ನೇಹಿತ ಡಾಕ್ಟರ್ ಪರಮಶಿವಯ್ಯ ಇವತ್ತು ಶೇಷಾದ್ರಿಪುರದ ನಮ್ಮ ವರ್ಕ್‌ಶಾಪಿಗೆ ಬಂದಿದ್ದರು. ಮೊದಲು ತಿರುಪು ಸವೆದ ಹಳೆಯದೊಂದನ್ನು ರಬ್ಬರಿನ ಮಾದರಿಗೆ ಬಿಗಿದರು. ಅವರ ಕೈಯಲ್ಲೂ ಅದು ಜಾರಿತು. ನನ್ನದರಲ್ಲಿ ತಿರುಪನ್ನು ಹಿಡಿದಿಡುವ ಲಾಕ್ ಇದೆ, ಎಷ್ಟು ಎಳೆದರೂ ಅಲುಗಲಿಲ್ಲ.

"ಅವತ್ತು ನಿನ್ ಕೈದೇನೂ ತಪ್ಪಿರ್ಲಿಲ್ಲ ಕಣಮ್ಮ," ಎಂದರು. "ಆ ಕ್ಲಾಂಪಿನ್ ತಿರುಪೂ ಹೀಗೇ ಸವೆದಿತ್ತು. ನಿಮ್ಮಪ್ಪ ಮಾರನೇ ದಿನಾನೇ ಅದನ್ನ ಬಿಸಾಕಿಸ್ದ. ನಿಂಗೆ ಹೇಳ್ಲಿಲ್ವಾ?"

ಹೇಳಲಿಲ್ಲ. ಚಾಮರಾಜಪೇಟೆಯ ನಿನ್ನ ನರ್ಸಿಂಗ್ ಹೋಮಿನಲ್ಲಿ ಸರ್ಜರಿ ಕಲಿಯುತ್ತಿದ್ದ ನಾನು ಬಿಗಿದ ಕ್ಲಾಂಪು ಜಾರಿದಾಗ ಆ ಕೂಸಿನ ರಕ್ತ ನಿಲ್ಲಿಸಿದ್ದು ನೀನು, ನಿಜ. ಆಮೇಲೆ ಅದರ ತಾಯಿಯ ಎದುರಿಗೇ, "ಇವಳ ಕೈ ನಡುಗತ್ತೆ, ಇವಳಿಗೆ ಸರ್ಜರಿ ಆಗಲ್ಲ" ಎಂದೆ. ನಿನ್ನ ಮಾತನ್ನು ನಂಬಿ ನಾನು ಮತ್ತೆಂದೂ ಆಪರೇಷನ್ ಥಿಯೇಟರಿಗೆ ಕಾಲಿಡಲಿಲ್ಲ.

ಗೊತ್ತಿದ್ದೂ ಸುಮ್ಮನಿದ್ದೆಯಾ? ಮಗಳಿಗಿಂತ ನರ್ಸಿಂಗ್ ಹೋಮಿನ ಹೆಸರು ದೊಡ್ಡದಾಯಿತಾ? ನೀನು ಹಾಸಿಗೆ ಹಿಡಿದ ಮೇಲೆ, ಸಾಯುವ ದಿನದವರೆಗೂ ಬೆಳಿಗ್ಗೆ ಸಂಜೆ ನಿನಗೆ ಇನ್ಸುಲಿನ್ ಚುಚ್ಚಿದವಳು ನಾನು. ನೀನು ನಿಶ್ಚಿಂತೆಯಿಂದ ತೋಳು ಚಾಚುತ್ತಿದ್ದೆ. ಆಗಲಾದರೂ ಬಾಯಿ ಬಿಡಬಾರದಿತ್ತೇ?