ಕರೆಯದೆ ಹೊಸಲು ದಾಟದ ಮೇಷ್ಟ್ರ ವಿಷಯ

ಮನೋಸ್ವಾಸ್ಥ್ಯ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ತಂಗಿಗೆ ನಾಯಿಯ ಒಡನಾಟ ಮತ್ತೆ ಬೇಕಿದ್ದರೆ ಅವಳೇ ಬಾಯಿಬಿಟ್ಟು ಕೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನನ್ನ ತಂಗಿ ಮಾತಾಡುವುದಿಲ್ಲ. ಮಾತಾಡುವುದಿಲ್ಲವೆಂದೇ ಅವಳನ್ನು ತಮ್ಮ ಕೇಂದ್ರಕ್ಕೆ ಸೇರಿಸಿದ್ದು. ಈ ಸಣ್ಣ ಸಂಗತಿಯನ್ನು ತಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಇನ್ನು ನಾಲ್ಕು ಜನ ಓದಲಿ ಎಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಅವಳು ಹುಟ್ಟಿನಿಂದ ಹೀಗಿರಲಿಲ್ಲ. ತುರ್ತು ಸಹಾಯವಾಣಿಯಲ್ಲಿ ಕರೆ ಎತ್ತುವ ಕೆಲಸ ಅವಳದು. ಮಾತೇ ಅವಳ ಅನ್ನ. ಎದೆನೋವಿರಲಿ, ಹೆರಿಗೆ ಬೇನೆಯಿರಲಿ, ಅಪಘಾತವಿರಲಿ, ಕಷ್ಟದಲ್ಲಿದ್ದವರಿಗೆ ಮೊದಲು ಕೇಳಿಸುತ್ತಿದ್ದದ್ದು ಅವಳ ದನಿ. ಮನೆಗೆ ಬಂದರೂ ಬಾಯಿಗೆ ಬಿಡುವಿಲ್ಲ. "ಸ್ವಲ್ಪ ಸುಮ್ನಿರೇ ಮಾರಾಯ್ತಿ, ನನ್ನ ಮಿಷನ್ ಸದ್ದೇ ನಂಗೆ ಕೇಳಿಸ್ತಿಲ್ಲ" ಎಂದು ದರ್ಜಿಯಾದ ನಾನು ರೇಗಿಸುತ್ತಿದ್ದೆ. ಈಗ ಮಿಷನ್ ಸದ್ದು ಚೆನ್ನಾಗಿ ಕೇಳಿಸುತ್ತದೆ. ಒಂದು ಮಧ್ಯಾಹ್ನ, ಬೆಂಕಿ ಹತ್ತಿದ ಮನೆಯೊಳಗಿಂದ ಒಂದು ಮಗು ಫೋನ್ ಮಾಡಿತು. ಬೆಂಕಿ ಆರಿಸುವವರು ತಲುಪುವ ತನಕ ತಂಗಿ ಅದರೊಡನೆ ಮಾತಾಡುತ್ತಲೇ ಇದ್ದಳು. ಅವರು ತಲುಪಿದ್ದು ತಡವಾಗಿ. ಆ ಕಡೆಯ ದನಿ ನಿಂತ ಮೇಲೂ ಇವಳು ಮಾತು ನಿಲ್ಲಿಸಲಿಲ್ಲವಂತೆ. ಜೊತೆಯವರು ಬಂದು ಅವಳ ಕಿವಿಯಿಂದ ಹೆಡ್‌ಫೋನ್ ತೆಗೆದರು. ಅಲ್ಲಿಗೆ ಅವಳ ಮಾತು ಮುಗಿಯಿತು.

ತಮ್ಮಲ್ಲಿ ಔಷಧಿ, ಸಲಹೆ, ವ್ಯಾಯಾಮ ಎಲ್ಲ ಆದವು. ಕೊನೆಗೆ ಪ್ರಾಣಿಗಳ ಒಡನಾಟದ ಚಿಕಿತ್ಸೆ ಎಂದಿರಿ. ಇಷ್ಟು ಓದಿದವರು ಸೋತಲ್ಲಿ ನಾಯಿ ಗೆಲ್ಲುತ್ತದೆಯೇ ಎಂದು ನನಗೆ ನಗು ಬಂದಿತ್ತು, ನಿಜ. ನಾಯಿ ಬಂತು. ಮೂತಿಯೆಲ್ಲ ನರೆತು, ಹುಬ್ಬು ಗಂಟಿಕ್ಕಿಕೊಂಡು, ಎಲ್ಲರ ಹೋಂವರ್ಕ್ ನೋಡಲು ಬಂದಂತೆ ನಿಧಾನಕ್ಕೆ ನಡೆಯುತ್ತಿತ್ತು. ವಾರ್ಡಿನವರು ಅದಕ್ಕೆ 'ಮೇಷ್ಟ್ರು' ಎನ್ನುತ್ತಾರೆ, ಬಹುವಚನದಲ್ಲೇ ಮಾತಾಡಿಸುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ. ತಮ್ಮ ಕೇಂದ್ರದಲ್ಲಿ ಬಹುವಚನಕ್ಕೆ ಯೋಗ್ಯರು ನನಗೆ ಹೆಚ್ಚು ಮಂದಿ ಸಿಗಲಿಲ್ಲ. ಕರೆತರುತ್ತಿದ್ದವರು ನಿವೃತ್ತ ಅಂಚೆಯವರು. "ಸರ್ವೀಸ್ ಪೂರ್ತಿ ನಾಯಿಗಳ ಕೈಲಿ ಕಚ್ಚಿಸ್ಕೊಂಡೆ ಕಣಮ್ಮ, ಕೊನೆಗೆ ರಾಜಿ ಮಾಡ್ಕೊಂಡೆ" ಎಂದು ನಗುತ್ತಿದ್ದರು.

ಮೇಷ್ಟ್ರದ್ದು ಒಂದು ಶಿಸ್ತು. ಕರೆಯದೆ ಯಾರ ಕೋಣೆಯೊಳಗೂ ಹೋಗುವುದಿಲ್ಲ. ತಂಗಿಯ ಮೂಲೆಕೋಣೆಯ ಹೊಸಲಿನಾಚೆ ಕೂತರು, ಅವಳನ್ನು ನೋಡಿದರು, ಮುಂಗಾಲ ಮೇಲೆ ಗದ್ದ ಇಟ್ಟುಕೊಂಡರು.

"ಒಳಗೆ ಕಳ್ಸಿ ಅಣ್ಣ" ಎಂದೆ.

"ಕರೀದೆ ದಾಟಲ್ಲಮ್ಮ. ಹಾಗೇ ಕಲಿಸಿರೋದು. ನಾಯಿ ಅಂದ್ರೆ ಹೆದರೋರೂ ಇರ್ತಾರಲ್ಲ."

"ಇವಳು ಬಾಯೇ ಬಿಡಲ್ವಲ್ಲ?"

"ಕಾಯ್ತಾರೆ ಬಿಡಿ. ಮೇಷ್ಟ್ರಿಗೇನು ಬಸ್ ತಪ್ಪುತ್ತಾ?"

ಕಾದರು. ವಾರಗಟ್ಟಲೆ ಬಂದು, ಹೊಸಲಿನಾಚೆ ಕೂತು, ಎದ್ದು ಹೋದರು. ಒಂದು ದಿನ ನಾನು ಅವಳ ಕಿಟಕಿಯ ಪರದೆಗೆ ಅಂಚು ಹಾಕುತ್ತಿದ್ದಾಗ ಬೆನ್ನ ಹಿಂದೆ "ಬಾ" ಎಂದು ಕೇಳಿಸಿತು. ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗಲಿಲ್ಲ. ಮೇಷ್ಟ್ರು ಒಳಗೆ ಬಂದು ಅವಳ ಮಂಡಿಯ ಮೇಲೆ ಗದ್ದ ಇಟ್ಟರು. ಆಮೇಲೆ ಬಂದಾಗಲೆಲ್ಲ ಒಂದೊಂದು ಮಾತು, ಅದೂ ಅವರೊಡನೆ ಮಾತ್ರ. ಒಮ್ಮೆ ಹೊರಗೆ ನಿಂತಿದ್ದ ನನಗೆ ಕೇಳಿಸಿತು: "'ಆಂಟಿ, ನೀವು ಹೋಗಲ್ಲ ತಾನೇ?' ಅಂತ ಕೇಳ್ತು ಕಣೋ ಆ ಮಗು. ನಾನು ಹೋಗಲಿಲ್ಲ. ಅದೇ ಹೋಗ್ಬಿಡ್ತು." ಇದನ್ನು ಅವಳು ನನಗೆ ಹೇಳಿರಲಿಲ್ಲ, ಹೆತ್ತ ತಾಯಿಗೂ ಹೇಳಿರಲಿಲ್ಲ. ನಾನು ಗೋಡೆಗೆ ಒರಗಿ ಅತ್ತೆ.

ಆಗ ತಮ್ಮ ಪರಿಶೀಲನಾ ಸಮಿತಿಗೆ ಎಚ್ಚರವಾಯಿತು. ರೋಗಿಗೆ ಮಾತು ಬಂದಿದೆ, ಗುರಿ ಈಡೇರಿದೆ, ಇನ್ನು ನಾಯಿಯ ಅಗತ್ಯವಿಲ್ಲ! ಕಾಲು ಮುರಿದವನು ಕೋಲೂರಿ ಎರಡು ಹೆಜ್ಜೆ ಇಟ್ಟನೆಂದು ಕೋಲು ಕಿತ್ತುಕೊಳ್ಳುವುದುಂಟೇ ಸ್ವಾಮಿ? ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕು. ಅವಳೂ ಮೇಷ್ಟ್ರೂ ಕೂತ ಚಿತ್ರವನ್ನು ಸ್ವಾಗತ ಕೋಣೆಯ ಗೋಡೆಗೆ ಹಾಕಿಸಿ, ಕೆಳಗೆ 'ನಮ್ಮ ಯಶಸ್ಸು' ಎಂದು ಬರೆಸಿದಿರಿ. ಯಶಸ್ಸು ತಮ್ಮದೇ, ಅನುಮಾನವಿಲ್ಲ.

ಮುಂದಿನ ಸಲ ಮೇಷ್ಟ್ರು ಬೇರೆ ಕೋಣೆಗೆ ಹೋಗಲು ಅವಳ ಬಾಗಿಲ ಮುಂದೆಯೇ ಹಾದರು. ಅವಳು "ಬಾ" ಎಂದಳು. ಅವರು ನಿಂತರು, ತಿರುಗಿದರು. ಆದರೆ ಅಂಚೆಯವರಿಗೆ ತಮ್ಮ ಅಪ್ಪಣೆಯಾಗಿತ್ತು. ಅವರು ತಲೆ ತಗ್ಗಿಸಿ ಮೇಷ್ಟ್ರ ಹಗ್ಗ ಎಳೆದುಕೊಂಡು ಹೋದರು. ಅವಳು ಇನ್ನೊಮ್ಮೆ ಕರೆದಳು, ಅಷ್ಟೇ. ಕರೆದವರಿಗೆ ಉತ್ತರ ಕೊಡುವುದನ್ನೇ ಕಸುಬು ಮಾಡಿಕೊಂಡಿದ್ದವಳು ಅವಳು. ಅವಳು ಕರೆದಾಗ ಯಾರೂ ಬರಲಿಲ್ಲ. ಅಂದಿನಿಂದ ಮತ್ತೆ ಅವಳ ಬಾಯಿಂದ ಒಂದು ಸೊಲ್ಲೂ ಹೊರಟಿಲ್ಲ.

ತಮ್ಮ ಹತ್ತಿರ ಬಂದು ಕೇಳಿಕೊಂಡೆ. "ನೋಡಿಮ್ಮ, ರೋಗಿ ಒಪ್ಪಿಗೆ ಇಲ್ದೆ ಪ್ರಾಣಿ ಬಿಡೋ ಹಾಗಿಲ್ಲ. ಅವರ ಒಳ್ಳೇದಕ್ಕೇ ಈ ನಿಯಮ" ಎಂದಿರಿ. ಕೈಸನ್ನೆ ಸಾಲದೇ ಎಂದೆ. "ಸನ್ನೆಗೆ ಸಾವಿರ ಅರ್ಥ" ಎಂದಿರಿ. ಬಾಯಿದ್ದವರು ಬರಗಾಲದಲ್ಲೂ ಬದುಕಿದರಂತೆ. ಬಾಯಿಲ್ಲದವರನ್ನು ಬದುಕಿಸಲೆಂದೇ ಅಲ್ಲವೇ ತಮ್ಮ ಕೇಂದ್ರ ಇರುವುದು? ಬದಲಿಗೆ ಒಂದು ಬಟ್ಟೆಯ ನಾಯಿ ಕಳಿಸಿಕೊಟ್ಟಿರಿ. ಹೊಲಿಗೆ ಬಲ್ಲವಳಾಗಿ ಹೇಳುತ್ತೇನೆ, ಹೊಲಿಗೆಯೂ ಚೆನ್ನಾಗಿಲ್ಲ. ತಂಗಿ ಅದರ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದಾಳೆ.

ಅವಳ ಸನ್ನೆಯೊಂದನ್ನು ತಾವು ನೋಡಬೇಕು. ಕುರ್ಚಿಯಲ್ಲಿ ಕೂತಾಗ ಅವಳ ಬಲಗೈ ಪಕ್ಕಕ್ಕೆ ಇಳಿಬಿದ್ದಿರುತ್ತದೆ, ಬೆರಳು ಸ್ವಲ್ಪ ಅಗಲಿಸಿಕೊಂಡು. ನರ್ಸಮ್ಮ ಅದನ್ನೆತ್ತಿ ಮಡಿಲಲ್ಲಿಟ್ಟು ಹೋಗುತ್ತಾರೆ. ಅದು ಮತ್ತೆ ಇಳಿಯುತ್ತದೆ, ನೆಲದಿಂದ ಸರಿಯಾಗಿ ಮೇಷ್ಟ್ರ ತಲೆಯ ಎತ್ತರಕ್ಕೆ. ಈ ಸನ್ನೆಗೂ ಸಾವಿರ ಅರ್ಥವೇ?

ಮೇಷ್ಟ್ರಿಗೂ ವಯಸ್ಸಾಗಿದೆ. ಹಿಂಗಾಲು ಎಳೆಯುತ್ತಿದ್ದಾರೆ. ಇನ್ನು ಸ್ವಲ್ಪ ದಿನಕ್ಕೆ ಅವರಿಗೂ ನಿವೃತ್ತಿಯಂತೆ. ಬೇರೆ ನಾಯಿ ತರಿಸುತ್ತೇವೆ ಎನ್ನಬೇಡಿ. ಆ ಮಗುವಿನ ಮಾತನ್ನು ಅವಳು ಹೇಳಿಕೊಂಡಿರುವುದು ಇವರೊಬ್ಬರಿಗೇ.

ನಿಯಮ ಮುರಿಯಿರಿ ಎಂದು ನಾನು ಕೇಳುತ್ತಿಲ್ಲ. ಕರೆಯದೆ ಬರಬಾರದೆಂಬ ನಿಯಮ ತಮಗೂ ಇದೆ, ಮೇಷ್ಟ್ರಿಗೂ ಇದೆ. ತಾವು ಬಾಗಿಲು ಹಾಕಿಕೊಂಡು ಹೋದಿರಿ, ಅವರು ಬಾಗಿಲಲ್ಲಿ ಕೂತು ಕಾದರು. ಅವರನ್ನು ಮತ್ತೆ ಅಲ್ಲೇ, ಹೊಸಲಿನಾಚೆ ಕೂರಲು ಬಿಡಿ. ಒಳಗೆ ಕಳಿಸಬೇಡಿ, ಅವಳನ್ನು ಏನೂ ಕೇಳಬೇಡಿ. ಒಂದು ದಿನ ಅವಳು ಕರೆದರೆ, ಈ ಸಲ ದಯವಿಟ್ಟು ಯಾರೂ ಹಗ್ಗ ಎಳೆಯಬೇಡಿ.

ಇಂತಿ,
ಬಾಯಿದ್ದೂ ತಮ್ಮ ಕಿವಿ ಮುಟ್ಟಲಾಗದ,
ಮೂಲೆಕೋಣೆಯವಳ ಅಕ್ಕ