ಹನುಮಕ್ಕನ ಹೆಸರಿಗೆ ಕಂಬಳಿ ಅಂಚು

ಶನಿವಾರ, ನವೆಂಬರ್ ೯, ಶಿರಾ

ಬೆಳಗಿನಿಂದ ನನ್ನ ಮೇಲೆ ನನಗೇ ಸಿಟ್ಟು. ಹುಲಿಕುಂಟೆಯ ಕಂಬಳಿ ನೇಯುವವರಿಗೆ ನಾನು ಮಾಡಿಕೊಟ್ಟ ವೆಬ್‌ಸೈಟಿನಲ್ಲಿ, ಅವರಲ್ಲೊಬ್ಬರಾದ ಹನುಮಕ್ಕನ ಹೆಸರು ದಪ್ಪವಾಗಿ ಕಾಣಲೆಂದು, ಅದರ ಎರಡೂ ಬದಿಗೆ ಚೂಪು ಕಂಸದೊಳಗೆ ಇಂಗ್ಲಿಷಿನ ‘ಬಿ’ ಹಾಕಿದ್ದೆ, ಅಕ್ಷರ ದಪ್ಪ ಮಾಡುವ ಕೋಡ್ ಅದು. ಪುಟದ ಟೆಂಪ್ಲೇಟು ಅದನ್ನು ಕೋಡ್ ಎಂದು ಒಪ್ಪದೆ, ಬರೀ ಅಕ್ಷರವೆಂದು ಹಾಗೆಯೇ ತೋರಿಸಿದೆ. ಹೀಗೆ ಕೋಡನ್ನು ತಡೆಯುವ ಆ ಕಾವಲನ್ನು ತೆಗೆಯುವುದು ಸುಲಭ. ಆದರೆ ತೆಗೆದರೆ ಕಂಡವರೆಲ್ಲ ಪುಟದೊಳಗೆ ಏನು ಬೇಕಾದರೂ ತುರುಕಬಹುದು.

ತಪ್ಪಾಯಿತು ಎನ್ನಲು ಫೋನ್ ಮಾಡಿದರೆ, ಆಗಲೇ ಪುಟ ನೋಡಿದ್ದ ಆಯಮ್ಮನಿಗೆ ಖುಷಿಯೋ ಖುಷಿ. “ನನ್ನೆಸ್ರಿಗೂ ಕಂಬಳಿ ಅಂಚು ಹಾಕ್ಬುಟ್ಟಿದ್ದೀಯಲ್ಲ ಕಣಮ್ಮ! ಅಂಗೇ ಇರ್ಲಿ, ಅಳಿಸ್ಬ್ಯಾಡ.”

ಹೌದಲ್ಲ, ಅವರ ಕಂಬಳಿಯ ಅಂಚಿನಲ್ಲೂ ಇಂಥವೇ ಮೊನೆಗಳು. ನನಗೇಕೆ ಹೊಳೆಯಲಿಲ್ಲ?

ಒಳಗಿನ ‘ಬಿ’ಯನ್ನೂ ಕೊನೆಯದರ ಓರೆಗೆರೆಯನ್ನೂ ಅಳಿಸಿ ಕಂಸಗಳನ್ನು ಉಳಿಸಿದೆ. ಈಗ <>ಹನುಮಕ್ಕ<>. ಆಯಮ್ಮ ಇಷ್ಟು ವರ್ಷ ನೇಯ್ದ ಕಂಬಳಿಗಳಲ್ಲಿ ಒಂದರ ಮೇಲೂ ಇಲ್ಲದ ಹೆಸರು.